ಗರ್ಭಗುಡಿಯ ಗಣಕಯಂತ್ರ

ನಮ್ಮ ಶಾಖೆಗೆ ಕಂಪ್ಯೂಟರ್ ಬಂದದ್ದು 1989ರಲ್ಲಿ. 1984ರ ರಂಗರಾಜನ್ ಸಮಿತಿಯ ವರದಿಯ ಬಳಿಕ ಬ್ಯಾಂಕುಗಳಿಗೆ ಒಂದೊಂದಾಗಿ ಬರತೊಡಗಿದ್ದ ಲೆಡ್ಜರ್ ಪೋಸ್ಟಿಂಗ್ ಯಂತ್ರ ಅದು. ಬಂಟ್ವಾಳ ತಾಲೂಕಿನ ಆ ಶಾಖೆಯಲ್ಲಿ ಮೆನೇಜರರ ಕೋಣೆಗೂ ಆಗ ಫ್ಯಾನ್ ಮಾತ್ರ. ಯಂತ್ರಕ್ಕಾದರೋ ಏಸಿ ಕೋಣೆ, ಗಾಜಿನ ಬಾಗಿಲು, ಬಾಗಿಲಲ್ಲಿ ‘ಚಪ್ಪಲಿ ಹೊರಗಿಡಿ’ ಎಂಬ ಫಲಕ. ಧೂಳು ಹೊಕ್ಕರೆ ಅದು ಸತ್ತೇಹೋಗುತ್ತದೆ ಎಂದು ನಮ್ಮನ್ನೆಲ್ಲ ಹೆದರಿಸಿಟ್ಟಿದ್ದರು. ಮಂಗಳೂರಿಗೆ ಹೋಗಿ ತರಬೇತಿ ಪಡೆದು ಬಂದ ಇಬ್ಬರು ಗಂಡಸರಿಗೆ ಮಾತ್ರ ಒಳಗೆ ಪ್ರವೇಶ. ಅವರು ಚಪ್ಪಲಿ ಕಳಚಿ ಒಳಗೆ ಹೋಗುವ ಗತ್ತು ನೋಡಿದರೆ ಅರ್ಚಕರು ಗರ್ಭಗುಡಿ ಹೊಕ್ಕ ಹಾಗೆ. ನಾವು ಮೂವರು ಹೆಂಗಸರು ಲೆಡ್ಜರು ಹೊತ್ತು ತಂದು ಬಾಗಿಲಲ್ಲಿ ಕೊಟ್ಟು, ಗಾಜಿನ ಈಚೆಯಿಂದ ದರ್ಶನ ಮಾಡಿ ಹಿಂದಿರುಗುತ್ತಿದ್ದೆವು.

“ನನ್ನನ್ನೂ ತರಬೇತಿಗೆ ಕಳಿಸಬಹುದಲ್ಲ ಸರ್?” ಎಂದು ಒಮ್ಮೆ ಕೇಳಿದ್ದೆ. “ನಿಮಗೆ ಮನೆ, ಮಕ್ಕಳು ಅಂತ ಇರ್ತದೆ. ಅದೆಲ್ಲ ನಿಮಗೆ ಯಾಕೆ ತಲೆಬಿಸಿ ಮೇಡಂ?” ಎಂದು ಉತ್ತರ ಬಂತು. ನಗುನಗುತ್ತಲೇ ಹೇಳಿದ್ದರು. ಅಂಥ ಮಾತುಗಳನ್ನು ಯಾರೂ ಸಿಟ್ಟಿನಿಂದ ಹೇಳುವುದಿಲ್ಲ.

ಅದೇ ವರ್ಷ ಸೆಪ್ಟೆಂಬರ್ 30, ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನ. ಒಬ್ಬರಿಗೆ ಜ್ವರ, ಇನ್ನೊಬ್ಬರ ಮನೆಯಲ್ಲಿ ಸಾವು. ಮೆನೇಜರರು ಬಂದು, “ನೀವೊಮ್ಮೆ ನೋಡ್ತೀರಾ ಮೇಡಂ?” ಎಂದರು. ನಾನು ಚಪ್ಪಲಿ ಕಳಚಿ, ಮನಸ್ಸಿನಲ್ಲೇ ಕೈಮುಗಿದು ಒಳಗೆ ಹೋದೆ. ಪರದೆ ನನ್ನನ್ನು ಕೇಳಿದ್ದು ಮೂರೇ ಪ್ರಶ್ನೆ: ಖಾತೆಯ ಸಂಖ್ಯೆ ಎಷ್ಟು, ಮೊತ್ತ ಎಷ್ಟು, ಜಮೆಯೋ ಖರ್ಚೋ. ಹದಿಮೂರು ವರ್ಷ ಕೈಯಲ್ಲಿ ಬರೆದದ್ದೂ ಇದನ್ನೇ. ‘ಇಷ್ಟೆಯಾ!’ ಎಂದು ಬಾಯಿಂದ ಹೊರಬಿದ್ದದ್ದು ನನಗೆ ಇವತ್ತಿಗೂ ನೆನಪಿದೆ. ಅದರಲ್ಲಿ ಸಂತೋಷಕ್ಕಿಂತ ಹೆಚ್ಚು ಸಿಟ್ಟಿತ್ತು. ಯಂತ್ರದ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ನನಗೆ ತಿಳಿದಿರಲಿಲ್ಲ. ತರಬೇತಿ ಪಡೆದ ಆ ಇಬ್ಬರಿಗೂ ತಿಳಿದಿರಲಿಲ್ಲ ಎನ್ನುವುದು ಆ ದಿನ ಗೊತ್ತಾಯಿತು.

ಈ ಹಳೆಯ ಕತೆ ಈಗ ನೆನಪಾಗಲು ಕಾರಣ ನನ್ನ ತಂಗಿಯ ಮಗಳು. ಮೂಡುಬಿದಿರೆಯ ಕಡೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸಯನ್ಸ್ ಓದಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಬ್ಯಾಂಕುಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವವಳು. ಮಗುವಾದ ಮೇಲೆ ಬೆಳ್ತಂಗಡಿಯ ಮನೆಯಿಂದಲೇ ಕೆಲಸ. ಮಳೆಗಾಲದಲ್ಲಿ ಕರೆಂಟು ಹೋದರೆ ಇನ್ವರ್ಟರು, ಇನ್ವರ್ಟರು ಕೈಕೊಟ್ಟರೆ ಪೇಟೆಗೆ ಓಟ. ಅವಳ ಕಂಪೆನಿಯಲ್ಲಿ ಕ್ವಾಂಟಂ ಕಂಪ್ಯೂಟಿಂಗ್ ಎಂಬ ಹೊಸ ವಿಭಾಗ ಆರಂಭವಾಗುವ ಸುದ್ದಿ ಬಂದು, ಇವಳೂ ಉತ್ಸಾಹದಿಂದ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದಳು. ಸಂಜೆ ಬಿ.ಸಿ.ರೋಡಿನ ನಮ್ಮ ಮನೆಗೆ ಬಂದವಳ ಮುಖ ಸಪ್ಪಗಿತ್ತು.

“ಎಂತ ಮಾರಾಯ್ತಿ, ಮುಖ ಯಾಕೆ ಹಾಗೆ?”

“ಎಂತ ಇಲ್ಲ ದೊಡ್ಡಮ್ಮ. ಅದು ನಮಗೆಲ್ಲ ಆಗುವುದಲ್ಲವಂತೆ.”

ಭಾಷಣಕಾರರು ವೇದಿಕೆ ಹತ್ತಿದೊಡನೆ, “ಇಲ್ಲಿ ಭೌತವಿಜ್ಞಾನದಲ್ಲಿ ಎಂಎಸ್ಸಿ ಆದವರು ಎಷ್ಟು ಮಂದಿ?” ಎಂದು ಕೇಳಿದರಂತೆ. ಮೂರು ಕೈ ಮೇಲೆದ್ದವು. “ಹಾಗಾದರೆ ಉಳಿದವರು ಸುಮ್ಮನೆ ಕೇಳಿಸಿಕೊಳ್ಳಿ. ಅರ್ಥವಾಗದಿದ್ದರೆ ಬೇಸರ ಬೇಡ” ಎಂದು ನಕ್ಕು, ಸತ್ತೂ ಬದುಕಿಯೂ ಇರುವ ಬೆಕ್ಕಿನ ಕತೆ ಹೇಳಿ, ಎರಡು ಗಂಟೆ ಹೊತ್ತು ಬೋರ್ಡಿನ ತುಂಬ ಗ್ರೀಕ್ ಅಕ್ಷರ ಬರೆದರಂತೆ. ಇದು ಸಾಮಾನ್ಯರಿಗಲ್ಲ ಎಂದ ಅದೇ ಸಭೆಯಲ್ಲಿ ಸಂಜೆ ಚಹಾದೊಂದಿಗೆ ಒಂದು ದುಬಾರಿ ಕೋರ್ಸಿನ ಕರಪತ್ರವನ್ನೂ ಹಂಚಿದರಂತೆ! ಒಳಗೆ ಬರಬೇಡಿ ಎನ್ನುವವರೇ ಹೊರಗೆ ಪ್ರಸಾದದ ಕೌಂಟರ್ ಇಟ್ಟ ಹಾಗೆ.

ನನ್ನ ತಕರಾರು ಇರುವುದು ಇಲ್ಲಿ. ಕ್ವಾಂಟಂ ಕಂಪ್ಯೂಟರನ್ನು ಕಟ್ಟುವುದು ಭೌತವಿಜ್ಞಾನಿಗಳ ಕೆಲಸ. ಅದರ ಬಗ್ಗೆ ನನಗೆ ಗೌರವವಲ್ಲದೆ ಬೇರೇನಿಲ್ಲ. ನಮ್ಮ ಲೆಡ್ಜರ್ ಯಂತ್ರ ಬರೇ ಏಸಿ ಕೇಳಿತ್ತು. ಇಂದು ಹೆಚ್ಚು ಸುದ್ದಿಯಲ್ಲಿರುವ ಬಗೆಯ ಕ್ವಾಂಟಂ ಯಂತ್ರವನ್ನಾದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ತಣಿಸಬೇಕು. ಅದು ತಪಸ್ಸೇ ಸರಿ. ಆದರೆ ಯಂತ್ರ ಕಟ್ಟುವುದು ಬೇರೆ, ಅದಕ್ಕೆ ಪ್ರೋಗ್ರಾಂ ಬರೆಯುವುದು ಬೇರೆ. ಒಲೆಯ ಕಬ್ಬಿಣ ಎರಕ ಹೊಯ್ಯಲು ಬಾರದವಳು ದೋಸೆ ಹೊಯ್ಯಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಆ ರಾತ್ರಿ ಊಟವಾದ ಮೇಲೆ, “ನಿನಗೆ ಅರ್ಥವಾದಷ್ಟನ್ನು ನನಗೆ ಹೇಳು” ಎಂದೆ. ಅವಳು ಲ್ಯಾಪ್‌ಟಾಪ್ ತೆರೆದು, ಪೈಥಾನ್ ಭಾಷೆಯಲ್ಲಿ ಐದಾರು ಸಾಲಿನ ಒಂದು ಪ್ರೋಗ್ರಾಂ ತೋರಿಸಿದಳು. ಅವಳು ಹೇಳಿದ್ದು ನನಗೆ ಅರ್ಥವಾದದ್ದು ಬ್ಯಾಂಕಿನ ಭಾಷೆಯಲ್ಲಿ. ಅದನ್ನೇ ನಿಮಗೂ ಹೇಳುತ್ತೇನೆ.

ಮಾಮೂಲಿ ಕಂಪ್ಯೂಟರಿನ ಒಂದು ಬಿಟ್ ಎಂದರೆ 0 ಅಥವಾ 1. ಕ್ಯೂಬಿಟ್ ಎಂಬುದರಲ್ಲಿ 0ಗೆ ಒಂದು ಖಾತೆ, 1ಕ್ಕೆ ಒಂದು ಖಾತೆ, ಎರಡೂ ತೆರೆದಿರುತ್ತವೆ. ಪ್ರತಿ ಖಾತೆಯಲ್ಲೂ ಒಂದು ಮೊತ್ತ. ಆ ಮೊತ್ತ ಜಮೆಯಾಗಿಯೂ ಇರಬಹುದು, ಖರ್ಚಾಗಿಯೂ ಇರಬಹುದು. ಅಳೆದು ನೋಡಿದಾಗ ಸಿಗುವುದು ಒಂದೇ ಉತ್ತರ; ಖಾತೆಯ ಮೊತ್ತ ದೊಡ್ಡದಿದ್ದಷ್ಟೂ ಆ ಉತ್ತರ ಬರುವ ಸಾಧ್ಯತೆ ಹೆಚ್ಚು. ಸಾಧ್ಯತೆ ಎಂದರೆ ಮೊತ್ತದ ವರ್ಗ, ಹಾಗಾಗಿ ಅಲ್ಲಿ ಜಮೆ ಖರ್ಚಿನ ಭೇದವಿಲ್ಲ. ಒಮ್ಮೆ ನೋಡಿದಿರೋ, ಪುಸ್ತಕ ಮುಚ್ಚಿತು; ಇನ್ನೊಂದು ಖಾತೆಯಲ್ಲಿದ್ದದ್ದು ಹೋಯಿತು.

ಇಷ್ಟಕ್ಕೆ ಇದು ನಾಣ್ಯ ಚಿಮ್ಮಿದ ಹಾಗೆಯೇ ಆಯಿತಲ್ಲ ಎಂದೆ. “ಅಲ್ಲ ದೊಡ್ಡಮ್ಮ, ವಿಷಯ ಇರುವುದೇ ಜಮೆ ಖರ್ಚಿನಲ್ಲಿ” ಎಂದಳು. ಹ್ಯಾಡಮಾರ್ಡ್ ಎಂಬ ಒಂದು ಗೇಟ್ ಉಂಟು. 0 ಇರುವ ಕ್ಯೂಬಿಟ್ಟನ್ನು ಅದರೊಳಗೆ ಕಳಿಸಿದರೆ ಎರಡೂ ಖಾತೆಗೆ ಸಮಸಮ ಜಮೆ. 1 ಇರುವುದನ್ನು ಕಳಿಸಿದರೆ 0ಯ ಖಾತೆಗೆ ಜಮೆ, 1ರ ಖಾತೆಗೆ ಅಷ್ಟೇ ಖರ್ಚು. ಈಗ 0ಯಿಂದ ಹೊರಟು ಅದೇ ಗೇಟನ್ನು ಎರಡು ಸಲ ದಾಟಿಸಿ. 0ಯ ಖಾತೆಗೆ ಎರಡೂ ದಾರಿಯಿಂದ ಜಮೆ ಬರುತ್ತದೆ. 1ರ ಖಾತೆಗೆ ಒಂದು ದಾರಿಯಿಂದ ಜಮೆ, ಇನ್ನೊಂದು ದಾರಿಯಿಂದ ಖರ್ಚು, ಬಾಕಿ ಸೊನ್ನೆ. ಉತ್ತರ ಖಂಡಿತವಾಗಿ 0. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಹೀಗೆ ಮೊದಲಿದ್ದಲ್ಲಿಗೇ ಬರುವ ಖಾತ್ರಿ ಎಲ್ಲಿದೆ? ನಮ್ಮ ಲೋಕದ ಸಾಧ್ಯತೆಗಳಲ್ಲಿ ಬರೇ ಜಮೆ; ಕ್ವಾಂಟಂ ಲೋಕದಲ್ಲಿ ಖರ್ಚೂ ಉಂಟು. ತಪ್ಪು ಉತ್ತರಗಳ ಖಾತೆಯಲ್ಲಿ ಜಮೆಯೂ ಖರ್ಚೂ ವಜಾ ಆಗಿ, ಸರಿಯುತ್ತರದ ಖಾತೆಯಲ್ಲಿ ಜಮೆ ಬೆಳೆಯುವ ಹಾಗೆ ಎಂಟ್ರಿಗಳನ್ನು ಹೊಂದಿಸುವುದೇ ಕ್ವಾಂಟಂ ಪ್ರೋಗ್ರಾಂ ಬರೆಯುವ ಕೆಲಸ.

ಲೆಕ್ಕ ಟ್ಯಾಲಿ ಮಾಡಿಯೇ ಆಯುಸ್ಸು ಕಳೆದವಳಿಗೆ ಇದು ಅರ್ಥವಾಗದೆ ಇರುತ್ತದೆಯೇ? ಪೂರ್ತಿ ಲೆಕ್ಕದಲ್ಲಿ ಈ ಮೊತ್ತಗಳು ಸಂಕೀರ್ಣ ಸಂಖ್ಯೆಗಳು, ಗೇಟುಗಳು ಮ್ಯಾಟ್ರಿಕ್ಸುಗಳು. ಎರಡನ್ನೂ ನಮ್ಮ ಮಕ್ಕಳು ಪಿಯುಸಿಯಲ್ಲೇ ಕಲಿತಿರುತ್ತಾರೆ. ಗಣಿತ ಬೇಡವೆಂದು ನಾನು ಹೇಳುತ್ತಿಲ್ಲ. ಬೇಕಾದ ಗಣಿತ ನಮ್ಮ ಹುಡುಗಿಯರ ಕೈಯಲ್ಲಿ ಆಗಲೇ ಇದೆ, ಹಾಗಿರುವಾಗ ಅದನ್ನು ಭೂತದ ಹಾಗೆ ತೋರಿಸಿ ಹೆದರಿಸಬೇಡಿ ಎನ್ನುತ್ತಿದ್ದೇನೆ.

ಈ ಹೆದರಿಕೆಗೆ ಇನ್ನೊಂದು ಮುಖ ಪವಾಡದ್ದು. ಎಲ್ಲ ಉತ್ತರಗಳನ್ನೂ ಒಟ್ಟಿಗೆ ಹುಡುಕಿ ಕ್ಷಣದಲ್ಲಿ ಸರಿಯಾದುದನ್ನು ಹೆಕ್ಕಿ ಕೊಡುತ್ತದೆ ಎಂದು ಬರೆಯುವವರುಂಟು. ಅದು ಸುಳ್ಳು. ಲವ್ ಗ್ರೋವರ್ ಎಂಬ ಭಾರತೀಯ ಮೂಲದ ವಿಜ್ಞಾನಿ 1996ರಲ್ಲಿ ಕೊಟ್ಟ ವಿಧಾನವನ್ನೇ ನೋಡಿ. ಕ್ರಮವಿಲ್ಲದ ಹತ್ತು ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಲು ನಾವು ಸರಾಸರಿ ಐದು ಲಕ್ಷ ಸಲ ನೋಡಬೇಕು. ಅದಕ್ಕೆ ಸುಮಾರು 785 ಹೆಜ್ಜೆ ಸಾಕು. ದೊಡ್ಡ ಲಾಭ ಹೌದು, ಪವಾಡ ಅಲ್ಲ. ಅದೂ ಯಂತ್ರ ತಪ್ಪು ಮಾಡದಿದ್ದರೆ. ಇಂದಿನ ಯಂತ್ರಗಳು ತಪ್ಪು ಮಾಡುತ್ತವೆ. ಆ ತಪ್ಪುಗಳನ್ನು ತಿದ್ದಿಕೊಳ್ಳಲು ಒಂದು ಒಳ್ಳೆಯ ಕ್ಯೂಬಿಟ್ಟಿಗೆ ಅನೇಕ ಕ್ಯೂಬಿಟ್ಟುಗಳನ್ನು ಕಾವಲಿಡಬೇಕಾಗುತ್ತದೆ. ದಿನನಿತ್ಯದ ವ್ಯವಹಾರದಲ್ಲಿ ಮಾಮೂಲಿ ಕಂಪ್ಯೂಟರನ್ನು ಸೋಲಿಸುವ ಹಂತಕ್ಕೆ ಅದಿನ್ನೂ ಬಂದಿಲ್ಲ. ಇದನ್ನು ನೇರವಾಗಿ ಹೇಳಿದರೆ ಯಾರೂ ಓಡಿಹೋಗುವುದಿಲ್ಲ. ಪವಾಡ ಎಂದವರೇ ನಾಳೆ ಮೋಸ ಎನ್ನುತ್ತಾರೆ.

ಮೂಡುಬಿದಿರೆಯ ಹೆಸರೆತ್ತಿದೆನಲ್ಲ, ಅಲ್ಲಿನ ಒಂದು ಸಂಗತಿಯನ್ನು ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕು. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಉಳಿದದ್ದು ಅಲ್ಲಿನ ಬಸದಿಯಲ್ಲಿ. ಹಳಗನ್ನಡ ಲಿಪಿ, ಪ್ರಾಕೃತ ಸಂಸ್ಕೃತ ಭಾಷೆ. ಕಾಪಾಡಿದವರ ಋಣ ದೊಡ್ಡದು. ಆದರೆ ಯಾತ್ರಿಕರಿಗೆ ಸಿಗುತ್ತಿದ್ದದ್ದು ದರ್ಶನ, ಓದು ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡಿಸುವ ಕೆಲಸ ಆರಂಭವಾಯಿತು. ಆ ಪ್ರತಿಯೂ ಊರಿನ ಹೊರಗೆ ಹೋಗುವಂತಿರಲಿಲ್ಲ. ಪ್ರತಿ ಮಾಡುತ್ತಿದ್ದವರಲ್ಲಿ ಗಜಪತಿ ಉಪಾಧ್ಯಾಯರು ಒಬ್ಬರು. ಅವರು ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನೂ ಮಾಡಿ ತಮ್ಮಲ್ಲಿಟ್ಟುಕೊಂಡರು. ಆ ಕೆಲಸದಲ್ಲಿ ಮುಖ್ಯ ಕೈ ಅವರ ವಿದುಷಿ ಪತ್ನಿ ಲಕ್ಷ್ಮೀಬಾಯಿಯದು. ಈ ಗ್ರಂಥಗಳನ್ನು ಜನ ಓದುವಂತಾಗಬೇಕು ಎಂಬುದು ಆಕೆಯ ಬಲವಾದ ಆಸೆಯಾಗಿತ್ತು ಎಂದು ಧವಲಾದ ಸಂಪಾದಕರೇ ಪ್ರಸ್ತಾವನೆಯಲ್ಲಿ ದಾಖಲಿಸಿದ್ದಾರೆ. ಆ ಪ್ರತಿ ದೂರದ ಸಹಾರನಪುರಕ್ಕೆ ಹೋಗಿ, ಅಲ್ಲಿಂದ ನಾಗರಿ ಲಿಪಿಗೆ ಇಳಿದು, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಮುಂದೆ ಮೂಡುಬಿದಿರೆಯವರೂ ಮೂಲ ಓಲೆಗಳೊಡನೆ ಹೋಲಿಸಿ ನೋಡಲು ಅನುಕೂಲ ಮಾಡಿಕೊಟ್ಟರು.

ಲಕ್ಷ್ಮೀಬಾಯಿ ಗುಟ್ಟಾಗಿ ಮಾಡಿದ್ದು ಸರಿಯೋ ತಪ್ಪೋ ಎಂದು ಚರ್ಚಿಸುವವರು ಚರ್ಚಿಸಲಿ. ನನಗೆ ಕಾಡುವುದು ಬೇರೆ. ಆಕೆಗೆ ಗುಟ್ಟಾಗಿ ಮಾಡದೆ ಬೇರೆ ದಾರಿ ಇರಲಿಲ್ಲ; ನಮ್ಮ ಹುಡುಗಿಯರಿಗೆ ಆ ಕಷ್ಟವೂ ಇಲ್ಲ. ಐಬಿಎಂ ಕಂಪೆನಿ ಐದು ಕ್ಯೂಬಿಟ್ಟಿನ ಯಂತ್ರವನ್ನು ಇಂಟರ್ನೆಟ್ ಮೂಲಕ ಯಾರು ಬೇಕಾದರೂ ಬಳಸಬಹುದೆಂದು ತೆರೆದಿಟ್ಟದ್ದು 2016ರ ಮೇ ತಿಂಗಳಲ್ಲಿ. ಮರುವರ್ಷ ಕಿಸ್‌ಕಿಟ್ ಎಂಬ ಉಚಿತ ತಂತ್ರಾಂಶ ಬಂತು, 2018ರಲ್ಲಿ ಗೂಗಲಿನ ಸರ್ಕ್. ಇಪ್ಪತ್ತು ಕ್ಯೂಬಿಟ್ ತನಕದ ಪ್ರಯೋಗಕ್ಕೆ ನಿಜವಾದ ಯಂತ್ರವೂ ಬೇಡ, ಮನೆಯ ಲ್ಯಾಪ್‌ಟಾಪೇ ಅದರ ನಕಲು ನಡೆಸಿಕೊಡುತ್ತದೆ. ಇಪ್ಪತ್ತಕ್ಕೆ ಹತ್ತು ಲಕ್ಷ ಚಿಲ್ಲರೆ ಖಾತೆ. ಒಂದೊಂದು ಕ್ಯೂಬಿಟ್ ಹೆಚ್ಚಿದಂತೆ ಅದು ದುಪ್ಪಟ್ಟಾಗುತ್ತ, ಮೂವತ್ತಕ್ಕೆ 107 ಕೋಟಿ. ನಿಜವಾದ ಯಂತ್ರ ಬೇಕಾಗುವುದು ಅಲ್ಲಿಂದ ಬಹಳ ಮುಂದೆ. ಎಂದರೆ, ಓಲೆಯ ಪೆಟ್ಟಿಗೆ ತೆರೆದೇ ಇದೆ. ಬೀಗ ಬಿದ್ದಿರುವುದು ನಮ್ಮ ಮಕ್ಕಳ ಧೈರ್ಯಕ್ಕೆ.

ಕಂಪ್ಯೂಟರಿನ ಚರಿತ್ರೆಯಲ್ಲಿ ಹೀಗೆ ಬಾಗಿಲು ತೆರೆದವರಲ್ಲೂ ಹೆಂಗಸರಿದ್ದಾರೆ. ಅಮೆರಿಕದ ಗ್ರೇಸ್ ಹಾಪರ್ 1952ರಲ್ಲಿ ಕಂಪೈಲರ್ ಎಂಬುದನ್ನು ಸಿದ್ಧಮಾಡಿದರು. ಮನುಷ್ಯರ ಮಾತಿಗೆ ಹತ್ತಿರವಾದ ಪದಗಳಲ್ಲಿ ಪ್ರೋಗ್ರಾಂ ಬರೆಯಬಹುದು, ಯಂತ್ರದ ಭಾಷೆಗೆ ಅದನ್ನು ಯಂತ್ರವೇ ತಿರುಗಿಸಿಕೊಳ್ಳಲಿ ಎಂಬುದು ಆಕೆಯ ಹಟ. ಆಕೆಯ ದಾರಿಯಲ್ಲೇ 1959ರಲ್ಲಿ ಕೋಬಾಲ್ ರೂಪುಗೊಂಡಿತು. ಜಗತ್ತಿನ ಎಷ್ಟೋ ಬ್ಯಾಂಕುಗಳ ಲೆಕ್ಕ ಇವತ್ತಿಗೂ ಅದರಲ್ಲೇ ನಡೆಯುತ್ತಿದೆ. ನಮ್ಮೂರ ಕಡೆಯ ಉದಾಹರಣೆಯೇ ಬೇಕೆಂದರೆ ಕಿನ್ನಿಕಂಬಳದ ಕೆ. ಪಿ. ರಾವ್ ಇದ್ದಾರೆ. ಕನ್ನಡ ಉಚ್ಚಾರಕ್ಕೆ ಹೊಂದುವ ಕೀಲಿಮಣೆ ರೂಪಿಸಿ, ‘ಸೇಡಿಯಾಪು’ ಎಂದು ಹೆಸರಿಟ್ಟ ತಂತ್ರಾಂಶವನ್ನು ಉಚಿತವಾಗಿಯೇ ಕೊಟ್ಟರು. ಇಂಗ್ಲಿಷ್ ಟೈಪಿಂಗ್ ಮಾತ್ರ ಬರುತ್ತಿದ್ದ ಹುಡುಗಿಯರು ಅದೇ ಕೀಲಿಗಳಲ್ಲಿ ಕನ್ನಡ ಟೈಪು ಮಾಡುವಂತಾದದ್ದು ಹೀಗೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಅಕ್ಷರ ವಿನ್ಯಾಸದ ಪಾಂಡಿತ್ಯ ಬೇಕೆಂದು ಅವರು ಯಾರನ್ನೂ ಹಿಂದಕ್ಕೆ ಕಳಿಸಲಿಲ್ಲ. ಕಷ್ಟವನ್ನು ತಾವು ನುಂಗಿ ಸುಲಭವನ್ನು ನಮಗೆ ಬಡಿಸಿದರು. ವಿದ್ಯಾವಂತರ ಕೆಲಸ ಅದೇ ಅಲ್ಲವೇ?

ಕ್ವಾಂಟಂ ಕ್ಷೇತ್ರದಲ್ಲಿ ಈ ಬಡಿಸುವ ಕೆಲಸ ಇನ್ನೂ ಅರ್ಧದಲ್ಲಿದೆ. ಪ್ರೋಗ್ರಾಂ ಬರೆಯುವವಳು ಒಂದೊಂದು ಗೇಟನ್ನೂ ತಾನೇ ಜೋಡಿಸುತ್ತ ಕೂರುವುದೇ ಇಂದಿಗೂ ಸಾಮಾನ್ಯ. ಪಲ್ಯ ಮಾಡಬೇಕಾದವಳಿಗೆ ಮೊದಲು ಕತ್ತಿ ಮಸೆ ಎಂದ ಹಾಗೆ. ‘ಈ ಪಟ್ಟಿಯಲ್ಲಿ ಇದನ್ನು ಹುಡುಕು’ ಎಂದು ಬರೆದರೆ ಉಳಿದದ್ದನ್ನು ತಂತ್ರಾಂಶವೇ ನೋಡಿಕೊಳ್ಳುವ ಮಟ್ಟಕ್ಕೆ ಅದು ಬೆಳೆಯಬೇಕು. ಬೆಳೆಸುವವರು ಯಾರು? ಭೌತವಿಜ್ಞಾನಿಗಳಿಗಿಂತ ಹೆಚ್ಚಾಗಿ, ದಿನಾ ಸಾಫ್ಟ್‌ವೇರ್ ಬರೆದು, ಬಳಸುವವರ ಬೈಗುಳ ತಿಂದು ಹದಗೊಂಡ ನನ್ನ ತಂಗಿಯ ಮಗಳಂಥವರು. ಅವರನ್ನು ಹೊರಗೆ ನಿಲ್ಲಿಸಿದರೆ ನಷ್ಟ ಅವರಿಗೆ ಮಾತ್ರವಲ್ಲ.

ನನ್ನ ತಂಗಿಗೆ ಇದು ಹಿಡಿಸಲಿಲ್ಲ. “ಅಕ್ಕ, ಯಂತ್ರವೇ ಸರಿಯಾಗಿಲ್ಲ ಅಂತೀರಿ. ನಾಳೆಯ ಅನ್ನಕ್ಕೆ ಆಗುವುದನ್ನು ಅವಳು ಕಲಿಯಲಿ” ಎಂದಳು. ನ್ಯಾಯವಾದ ಮಾತು. ಅದಕ್ಕೂ ನನ್ನಲ್ಲಿ ಉತ್ತರವಿದೆ. 1994ರಲ್ಲಿ ಪೀಟರ್ ಶೋರ್ ಒಂದು ವಿಧಾನ ಕಂಡುಹಿಡಿದರು. ಸಾಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದ ದಿನ, ಇಂದು ಇಂಟರ್ನೆಟ್ಟಿನಲ್ಲಿ ನಮ್ಮ ಗುಟ್ಟುಗಳನ್ನು ಕಾಯುವ ಆರ್‌ಎಸ್‌ಎಯಂಥ ಬೀಗಗಳು ಆ ವಿಧಾನದಿಂದ ಬಿಚ್ಚಿಕೊಳ್ಳುತ್ತವೆ. ಕಳ್ಳ ಆ ದಿನದ ತನಕ ಕಾಯಬೇಕಾಗಿಲ್ಲ. ಬೀಗ ಹಾಕಿದ ಪೆಟ್ಟಿಗೆಯನ್ನು ಇವತ್ತೇ ಕದ್ದಿಟ್ಟುಕೊಂಡು, ಕೀಲಿ ಸಿಕ್ಕಿದ ದಿನ ತೆರೆದರಾಯಿತು. ಅದಕ್ಕೇ ಅಮೆರಿಕದ ನಿಸ್ಟ್ ಸಂಸ್ಥೆ 2024ರ ಆಗಸ್ಟಿನಲ್ಲಿ ಹೊಸ ಬಗೆಯ ಬೀಗಗಳ ಮೂರು ಮಾನದಂಡಗಳನ್ನು ಪ್ರಕಟಿಸಿತು. ಹಳೆಯ ಪ್ರೋಗ್ರಾಂಗಳಲ್ಲಿ ಹಳೆಯ ಬೀಗ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಿ ಬದಲಿಸಬೇಕಾದವರು ನೊಬೆಲ್ ವಿಜ್ಞಾನಿಗಳಲ್ಲ, ಬ್ಯಾಂಕಿನ ಸಾಫ್ಟ್‌ವೇರ್ ಗೊತ್ತಿರುವ ಸಾಮಾನ್ಯ ಪ್ರೋಗ್ರಾಮರುಗಳು. ಇದು ನಾಳೆಯದಲ್ಲ, ಇವತ್ತಿನ ಅನ್ನ. ನಿಮ್ಮ ನನ್ನ ಉಳಿತಾಯ ಖಾತೆಯ ವಿಷಯವೂ ಹೌದು.

ದುಡ್ಡಿಲ್ಲ ಎನ್ನುವ ಹಾಗಿಲ್ಲ. 2023ರ ಏಪ್ರಿಲ್ 19ರಂದು ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ 6,003.65 ಕೋಟಿ ರೂಪಾಯಿ. ಕಂಪ್ಯೂಟಿಂಗಿನ ಕೇಂದ್ರ ಇರುವುದು ನಮ್ಮದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 2025ರಲ್ಲಿ ರಾಜ್ಯ ಸರಕಾರವೂ ಸಾವಿರ ಕೋಟಿಯ ಯೋಜನೆ ಘೋಷಿಸಿತು. 2024ರ ಡಿಸೆಂಬರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆಂದು ಎಐಸಿಟಿಇ ಪಠ್ಯಕ್ರಮವನ್ನೂ ಹೊರತಂದಿತು. ಎಲ್ಲ ಒಳ್ಳೆಯದೇ. ಆದರೆ ಬೆಂಜನಪದವು, ಉಜಿರೆ, ಮಿಜಾರು ಎಂದು ನಮ್ಮ ಮೂರು ತಾಲೂಕುಗಳ ಸುತ್ತ ಇಷ್ಟೊಂದು ಇಂಜಿನಿಯರಿಂಗ್ ಕಾಲೇಜುಗಳಿವೆಯಲ್ಲ, ಅಲ್ಲಿನ ಕೊನೆಯ ಬೆಂಚಿನ ಹುಡುಗಿಯ ತನಕ ಇದು ಇಳಿಯುವುದು ಯಾವಾಗ? ಕನ್ನಡ ಮಾಧ್ಯಮದಿಂದ ಬಂದ ಅವಳಿಗೆ ಜಮೆ ಖರ್ಚು ಎಂದು ಕನ್ನಡದಲ್ಲಿ ಒಮ್ಮೆ ಹೇಳಿದರೆ ವಿಜ್ಞಾನದ ಮಡಿ ಕೆಡುತ್ತದೆಯೇ? ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೇ ಕನ್ನಡದಲ್ಲಿ ಬರೆದ ಜಿಲ್ಲೆ ಇದು. ಯಂತ್ರಕ್ಕೆ ಕೋಟಿಗಳನ್ನು ಇಡುವವರು ಶಿಕ್ಷಕರ ತರಬೇತಿಗೆ, ಕನ್ನಡದ ಪಾಠಗಳಿಗೆ, ಮಗು ಹೆತ್ತು ಮನೆಗೆ ಬಂದ ಹೆಣ್ಣುಮಕ್ಕಳು ಮನೆಯಿಂದಲೇ ಕಲಿಯುವ ವ್ಯವಸ್ಥೆಗೆ ಎಷ್ಟು ಇಟ್ಟಿದ್ದಾರೆಂದು ನಾವು ಕೇಳಬೇಕು. ಕಟ್ಟಡದ ಶಿಲಾನ್ಯಾಸಕ್ಕೆ ಆರತಿ ಹಿಡಿದು ನಿಲ್ಲಲು ಮಾತ್ರ ನಮ್ಮನ್ನು ಕರೆದರೆ ಹೋಗಬಾರದು.

ತರಬೇತಿಗೆ ಕಳಿಸದೆ ಇದ್ದುದಕ್ಕೆ ನಾನು ಕಳೆದುಕೊಂಡದ್ದು ಒಂದು ಬಡ್ತಿ. ಅದು ನನ್ನ ಮಟ್ಟಿಗೆ ಮುಗಿದ ಲೆಕ್ಕ. ಅದೇ ಎಂಟ್ರಿ ಮುಂದಿನ ತಲೆಮಾರಿನ ಖಾತೆಗೂ ಹೋಗುವುದನ್ನು ನೋಡುತ್ತ ಕೂರಲು ನಾನು ತಯಾರಿಲ್ಲ.

ತಂಗಿಯ ಮಗಳು ಈಗ ಭಾನುವಾರ ಮಧ್ಯಾಹ್ನ ಮಗು ಮಲಗಿದ ಮೇಲೆ, ನೆರೆಯ ನಾಲ್ಕು ಕಾಲೇಜು ಹುಡುಗಿಯರನ್ನು ಬೆಳ್ತಂಗಡಿಯ ಮನೆಯ ಚಾವಡಿಯಲ್ಲಿ ಕೂರಿಸಿಕೊಂಡು ತನಗೆ ತಿಳಿದಷ್ಟು ಹೇಳಿಕೊಡುತ್ತಾಳೆ. ಮೊದಲ ದಿನ ನಾನೂ ಹೋಗಿದ್ದೆ. ಹುಡುಗಿಯೊಬ್ಬಳು ಹೊಸ್ತಿಲಲ್ಲಿ ನಿಂತು, “ಆಂಟಿ, ನನಗೆ ಫಿಸಿಕ್ಸಿನಲ್ಲಿ ಮಾರ್ಕು ಕಮ್ಮಿ. ಬರಬಹುದಾ?” ಎಂದು ಕೇಳಿದಳು.

“ಬಾ ಮಗಾ,” ಎಂದೆ, “ಚಪ್ಪಲಿ ಹಾಕಿಕೊಂಡೇ ಬಾ.”